ವಿಮಾನಚಾಲಕನ ಬಿಡುವು

'ಫರ್ಲೋ' ಎಂಬ ಮಾತು ನಮ್ಮ ಹಿರಿಯರಿಗೆ ಅಪರಿಚಿತವಲ್ಲ. ಬ್ರಿಟಿಷರ ಕಾಲದಲ್ಲಿ ದೊಡ್ಡ ಅಧಿಕಾರಿಗಳು ದೀರ್ಘ ರಜೆ ಪಡೆದು ಹಡಗು ಹತ್ತಿ ಸ್ವದೇಶಕ್ಕೆ ತೆರಳುವುದಕ್ಕೆ ಆ ಹೆಸರಿತ್ತು. ಈಗ ಅದು ಹೆಚ್ಚಾಗಿ ಕಣ್ಣಿಗೆ ಬೀಳುವುದು ಸೆರೆಮನೆಯ ಸುದ್ದಿಗಳಲ್ಲಿ. ಮೂಲದಲ್ಲಿ ಡಚ್ ಭಾಷೆಯ ಪದ. ಸಿಪಾಯಿಗೆ ದಂಡನ್ನು ಬಿಟ್ಟು ಊರಿಗೆ ಹೋಗಿಬರಲು ಕೊಡುವ ಅಪ್ಪಣೆ ಎಂದು ಅರ್ಥ. ಅಧಿಕಾರಿಯಾಗಲಿ, ಸಿಪಾಯಿಯಾಗಲಿ, ಕೈದಿಯಾಗಲಿ ಅದನ್ನು ಬೇಡಿ ಪಡೆಯುತ್ತಾನೆ. ಅಮೆರಿಕದ ವಿಮಾನಚಾಲಕನಿಗೆ ಮಾತ್ರ ಅದು ಬೇಡದೆ ಬರುತ್ತದೆ. ನಾಳೆಯಿಂದ ನಿಮಗೆ ಕೆಲಸವಿಲ್ಲ, ಸಂಬಳವೂ ಇಲ್ಲ; ಆದರೆ ಸೇವಾ ಹಿರಿತನದ ಪಟ್ಟಿಯಲ್ಲಿ ನಿಮ್ಮ ಸಂಖ್ಯೆ ಉಳಿದಿರುತ್ತದೆ, ಕಾಲ ಕೂಡಿಬಂದಾಗ ಕರೆಯುತ್ತೇವೆ ಎಂದು ಕಂಪನಿ ಪತ್ರ ಕಳುಹಿಸುತ್ತದೆ. ಇದು ವಜಾ ಅಲ್ಲ, ರಜೆಯೂ ಅಲ್ಲ. ಒಂದು ಬಗೆಯ ತ್ರಿಶಂಕು ಸ್ಥಿತಿ.

ಈ ಬಲವಂತದ ಬಿಡುವು ಒಂದು ಕಡೆ. ಇನ್ನೊಂದು ಕಡೆ, ಕೆಲಸದಲ್ಲಿರುವ ಚಾಲಕನಿಗೆ ಎರಡು ಹಾರಾಟಗಳ ನಡುವೆ ಕಾನೂನು ಕೊಡಿಸುವ ವಿಶ್ರಾಂತಿ. ಮೊದಲನೆಯದನ್ನು ಲಾಭನಷ್ಟದ ವಿಷಯವೆಂದೂ ಎರಡನೆಯದನ್ನು ಸುರಕ್ಷತೆಯ ವಿಷಯವೆಂದೂ ವಿಂಗಡಿಸಿ ಚರ್ಚಿಸುವುದು ರೂಢಿ. ಅವೆರಡೂ ಒಂದೇ ನೊಗದ ಎರಡು ತುದಿಗಳೆಂದು ನನಗೆ ತೋರುತ್ತದೆ. ಅಮೆರಿಕದ ಖಾಸಗಿ ವಿಮಾನಗಳ ಲೋಕದಲ್ಲಿ ಇದು ಇನ್ನೆಲ್ಲಿಯದಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ.

ಆ ಲೋಕದಲ್ಲಿ ಮೂರು ಪಂಗಡಗಳುಂಟು. ಒಬ್ಬ ಶ್ರೀಮಂತನೋ ಒಂದು ದೊಡ್ಡ ಕಂಪನಿಯೋ ತನ್ನದೇ ಜೆಟ್ ಕೊಂಡು, ತನ್ನದೇ ಚಾಲಕರನ್ನು ಇಟ್ಟುಕೊಳ್ಳುವುದು ಮೊದಲನೆಯದು. ಟ್ಯಾಕ್ಸಿಯಂತೆ ಬೇಕಾದಾಗ ಬಾಡಿಗೆಗೆ ಸಿಕ್ಕುವ ವಿಮಾನಗಳದ್ದು ಎರಡನೆಯದು. ಇವೆರಡರ ನಡುವೆ ಹುಟ್ಟಿಕೊಂಡದ್ದು ಪಾಲುಗಾರಿಕೆಯ ಪಂಗಡ. ಇದರ ಕಥೆ ಸ್ವಾರಸ್ಯವಾಗಿದೆ. 1964ರಲ್ಲಿ 'ಎಗ್ಸಿಕ್ಯುಟಿವ್ ಜೆಟ್' ಎಂಬ ಕಂಪನಿಯೊಂದು ಒಹಾಯೊ ರಾಜ್ಯದಲ್ಲಿ ಹುಟ್ಟಿತು. ಹಿರೋಷಿಮಾದ ಮೇಲೆ ಅಣುಬಾಂಬು ಹಾಕಿದ ವಿಮಾನವನ್ನು ನಡೆಸಿದ್ದ ಪಾಲ್ ಟಿಬೆಟ್ಸ್ ಎಪ್ಪತ್ತರ ದಶಕದಲ್ಲಿ ಅದರ ಅಧ್ಯಕ್ಷನಾದ. 1984ರಲ್ಲಿ ಅದನ್ನು ಕೊಂಡವನು ರಿಚರ್ಡ್ ಸ್ಯಾಂಟುಲಿ, ಓದಿದ್ದು ಗಣಿತ. ಎರಡು ವರ್ಷ ಲೆಕ್ಕ ಹಾಕಿ ಆತ ಕಂಡುಕೊಂಡ ಉಪಾಯ ಸರಳವಾಗಿತ್ತು. ಇಡೀ ವಿಮಾನ ಕೊಳ್ಳಲಾರದವನು ಅದರ ಹದಿನಾರರಲ್ಲಿ ಒಂದು ಪಾಲು ಕೊಳ್ಳಲಿ. ಅವನಿಗೆ ವರ್ಷಕ್ಕೆ 50 ಗಂಟೆಗಳ ಹಾರಾಟದ ಹಕ್ಕು. 'ನೆಟ್‌ಜೆಟ್ಸ್' ಎಂಬ ಹೆಸರಿನಲ್ಲಿ ಈ ವ್ಯಾಪಾರ ಎಷ್ಟು ಬೆಳೆಯಿತೆಂದರೆ, 1998ರಲ್ಲಿ ವಾರೆನ್ ಬಫೆಟ್‌ನ ಬರ್ಕ್‌ಷೈರ್ ಹ್ಯಾಥವೇ ಕಂಪನಿ ಅದನ್ನು 72.5 ಕೋಟಿ ಡಾಲರಿಗೆ ಕೊಂಡುಕೊಂಡಿತು.

ಪಾಲು ಎಂದೊಡನೆ ನಮಗೆ ಕೆರೆಯ ನೀರಿನ ಸರದಿ ನೆನಪಾಗುತ್ತದೆ. ಆದರೆ ಇಲ್ಲಿ ಸರದಿಯಿಲ್ಲ. ಹದಿನಾರು ಪಾಲುಗಾರರೂ ಒಂದೇ ದಿನ, ಒಂದೇ ಹೊತ್ತಿಗೆ ವಿಮಾನ ಬೇಕೆನ್ನಬಹುದು. ಕೆಲವು ಗಂಟೆಗಳ ಮುನ್ಸೂಚನೆ ಕೊಟ್ಟರೆ ಸಾಕು, ಅವರದಲ್ಲದಿದ್ದರೆ ಅಂಥದೇ ಇನ್ನೊಂದು ವಿಮಾನ ಬಂದು ನಿಲ್ಲಬೇಕು. ಮಾರುತ್ತಿರುವುದು ವಿಮಾನದ ಪಾಲೆಂಬುದು ಕಾಗದದ ಮಾತು. ನಿಜವಾಗಿ ಮಾರುತ್ತಿರುವುದು ಕಾಯದೆ ಇರುವ ಸುಖವನ್ನು. ಒಬ್ಬನು ಕಾಯಬಾರದೆಂದಾದರೆ ಅವನಿಗಾಗಿ ಇನ್ನೊಬ್ಬನು ಕಾಯುತ್ತಿರಬೇಕು. ಆ ಇನ್ನೊಬ್ಬನೇ ಚಾಲಕ.

ಹೀಗೆ ಕಾಯಲು ಎಷ್ಟು ಜನ ಬೇಕು? ಒಂದು ಜೆಟ್ಟಿಗೆ ಇಬ್ಬರು ಚಾಲಕರು. ಈ ಕಂಪನಿಗಳಲ್ಲಿ ಏಳು ದಿನ ಕೆಲಸ, ಏಳು ದಿನ ಮನೆ ಎಂಬ ಏರ್ಪಾಡು ಸಾಮಾನ್ಯ, ಅಲ್ಲಿಗೆ ನಾಲ್ವರಾದರು. ವಾರ್ಷಿಕ ರಜೆ, ಕಾಯಿಲೆ ಕಸಾಲೆ, ವರ್ಷವರ್ಷದ ತರಬೇತಿ ಇವನ್ನು ಸೇರಿಸಿದರೆ ವಿಮಾನವೊಂದಕ್ಕೆ ಐವರಾದರೂ ಬೇಕು. ನೂರು ವಿಮಾನಗಳಿಗೆ ಐದುನೂರು. ಪಾಲುಗಾರರು ಕಡಿಮೆಯಾಗಿ ಇಪ್ಪತ್ತು ವಿಮಾನಗಳನ್ನು ಮಾರಿದರೆ ನೂರು ಜನ ಹೆಚ್ಚು. ಈ ಅಂಕಗಣಿತವೇ ಫರ್ಲೋ ಪತ್ರಗಳನ್ನು ಬರೆಸುತ್ತದೆ.

2007ರ ಡಿಸೆಂಬರಿನಲ್ಲಿ ಅಮೆರಿಕದ ಶಾಸನಸಭೆ ದೊಡ್ಡ ವಿಮಾನ ಕಂಪನಿಗಳ ಚಾಲಕರ ನಿವೃತ್ತಿಯ ವಯಸ್ಸನ್ನು 60ರಿಂದ 65ಕ್ಕೆ ಏರಿಸಿತು. ಅನುಭವಿಗಳಿಗೆ ನ್ಯಾಯವೇನೋ ಆಯಿತು. ಆದರೆ ಏಣಿಯ ಮೇಲಿನ ಮೆಟ್ಟಿಲಿನವರು ಇಳಿಯದೆ ನಿಂತುದರಿಂದ ಕೆಳಗಿನವರು ಏರುವ ದಾರಿ ಕಟ್ಟಿತು. ಖಾಸಗಿ ಜೆಟ್ಟುಗಳಲ್ಲಿ ಕೆಲವು ವರ್ಷ ಹಾರಿ, ದೊಡ್ಡ ಕಂಪನಿಗೆ ಜಿಗಿಯುವುದು ಅನೇಕ ತರುಣರ ಲೆಕ್ಕವಾಗಿತ್ತು. ಆ ಲೆಕ್ಕ ತಪ್ಪಿತು. ಮರುವರ್ಷವೇ ಆರ್ಥಿಕ ಕುಸಿತ. 2008ರ ನವೆಂಬರಿನಲ್ಲಿ ಡೆಟ್ರಾಯಿಟಿನ ಮೂರು ಕಾರು ಕಂಪನಿಗಳ ಮುಖ್ಯಸ್ಥರು ಸರಕಾರದ ನೆರವು ಕೇಳಲು ವಾಷಿಂಗ್ಟನ್ನಿಗೆ ಬಂದರು. ಬಂದದ್ದು ತಮ್ಮ ತಮ್ಮ ಖಾಸಗಿ ಜೆಟ್ಟುಗಳಲ್ಲಿ. ಶಾಸಕರು ಅದನ್ನೇ ಹಿಡಿದು ಜಗ್ಗಿದರು. ಮರುತಿಂಗಳು ಅದೇ ಮಹಾಶಯರು ಕಾರಿನಲ್ಲಿ ಬಂದರು. ಜೆಟ್ ಇಟ್ಟುಕೊಳ್ಳುವುದು ನಾಚಿಕೆಯ ವಿಷಯವೆನಿಸಿದ ಕಾಲ ಅದು. 2009ರಲ್ಲಿ ನೆಟ್‌ಜೆಟ್ಸ್ ತೆರಿಗೆಗೆ ಮೊದಲಿನ ಲೆಕ್ಕದಲ್ಲಿ 71.1 ಕೋಟಿ ಡಾಲರ್ ನಷ್ಟ ತೋರಿಸಿತು. ಸ್ಯಾಂಟುಲಿ ಹೊರನಡೆದ. 2010ರ ಜನವರಿಯಲ್ಲಿ 495 ಚಾಲಕರು ಫರ್ಲೋ ಮೇಲೆ ಮನೆಗೆ ಹೋದರು.

ಇದರಲ್ಲಿ ಆಯ್ಕೆಯ ಪ್ರಶ್ನೆಯಿಲ್ಲ. ಯಾರು ಜಾಣರು, ಯಾರು ಮೈಗಳ್ಳರು ಎಂದು ಯಾರೂ ನೋಡುವುದಿಲ್ಲ. ಪಟ್ಟಿಯ ಕೆಳತುದಿಯಿಂದ ಎಣಿಸುತ್ತ ಹೋಗುತ್ತಾರೆ. ಮರಳಿ ಕರೆಯುವಾಗ ಕ್ರಮ ತಿರುಗುಮುರುಗು: ಹೊರಹೋದವರಲ್ಲಿ ಹಿರಿಯನಿಗೆ ಮೊದಲ ಕರೆ. ಎಲ್ಲರಿಗಿಂತ ಮೊದಲು ಹೋದವನು ಎಲ್ಲರಿಗಿಂತ ಕೊನೆಗೆ ಬರುತ್ತಾನೆ. ಕ್ರೂರವೆಂದು ತೋರಬಹುದು, ಆದರೆ ಮೇಲಧಿಕಾರಿಯ ಕೃಪೆಗೆ ಬಿಟ್ಟುಕೊಡುವುದಕ್ಕಿಂತ ಕುರುಡು ಸಂಖ್ಯೆಯೇ ಮೇಲೆಂದು ಚಾಲಕರ ಸಂಘಗಳು ನಂಬಿಕೊಂಡು ಬಂದಿವೆ. ಅದೇ ಸಂಖ್ಯೆ ಅವರನ್ನು ಕಟ್ಟಿಯೂ ಹಾಕುತ್ತದೆ. ಹತ್ತು ವರ್ಷ ಒಂದೆಡೆ ದುಡಿದವನು ಬೇರೆ ಕಂಪನಿಗೆ ಹೋದರೆ ಅಲ್ಲಿ ಅವನು ಪಟ್ಟಿಯ ಕೊನೆಯವನು. ಮೊದಲ ವರ್ಷದ ಸಂಬಳ, ಹಬ್ಬದ ದಿನದ ಕೆಲಸ. ಹಿರಿತನವನ್ನು ಹೆಗಲಿಗೇರಿಸಿಕೊಂಡು ಹೋಗಲು ಬರುವುದಿಲ್ಲ. ಆದ್ದರಿಂದ ಹಲವರು ಕಾಯುತ್ತಾರೆ. ಕೆಲವರು ಪರದೇಶಕ್ಕೆ ಹೋಗಿ ಹಾರುತ್ತಾರೆ. ಕೆಲವರು ಬೇರೆ ಕಸುಬು ಹಿಡಿದು ಆಕಾಶದತ್ತ ನೋಡುವುದನ್ನೇ ಬಿಡುತ್ತಾರೆ. 2010ರ ಪಟ್ಟಿಯವರಿಗೆ ಕರೆಯೋಲೆ ಬರಲು ತೊಡಗುವ ಹೊತ್ತಿಗೆ ವರ್ಷಗಳೇ ಉರುಳಿದ್ದವು.

ಕರೆ ಬಂದೊಡನೆ ಹಾರಲು ಬರುತ್ತದೆಯೆ? ಬರುವುದಿಲ್ಲ. ಪ್ರಯಾಣಿಕರನ್ನು ಕೂರಿಸಿಕೊಳ್ಳಬೇಕಾದರೆ ಹಿಂದಿನ 90 ದಿನಗಳಲ್ಲಿ ಕನಿಷ್ಠ ಮೂರು ಸಲ ವಿಮಾನವನ್ನು ಮೇಲೇರಿಸಿ ಇಳಿಸಿರಬೇಕೆಂಬುದು ಅಲ್ಲಿನ ನಿಯಮ. ವರ್ಷಗಟ್ಟಲೆ ಮನೆಯಲ್ಲಿದ್ದವನು ಮತ್ತೆ ತರಗತಿಯಲ್ಲಿ ಕುಳಿತು, ಸಿಮ್ಯುಲೇಟರ್ ಎಂಬ ಕೃತಕ ವಿಮಾನದಲ್ಲಿ ವಾರಗಟ್ಟಲೆ ಕೈ ಪಳಗಿಸಿಕೊಂಡು, ಪರೀಕ್ಷಕನ ಮುಂದೆ ಪಾಸಾಗಬೇಕು. ಸಿಮ್ಯುಲೇಟರುಗಳು ಇರುವುದೂ ಎಣಿಕೆಯಷ್ಟು. ಹೀಗೆ ಬೇಡಿಕೆ ಏರುವುದು ವಾರಗಳಲ್ಲಿ. ಜನ ಸಿದ್ಧವಾಗುವುದು ತಿಂಗಳುಗಳಲ್ಲಿ. ಆ ನಡುವಣ ಅವಧಿಯ ಭಾರ ಯಾರ ಮೇಲೆ? ಮನೆಗೆ ಹೋಗದೆ ಉಳಿದವರ ಮೇಲೆ. ಕಾನೂನಿನ ಮಿತಿಯನ್ನು ಯಾರೂ ಮೀರಬೇಕಾಗಿಲ್ಲ. ಪ್ರತಿ ದಿನವನ್ನೂ ಮಿತಿಯ ಅಂಚಿನವರೆಗೆ ಎಳೆದರೆ ಸಾಕು.

ಆ ಮಿತಿ ಎಲ್ಲಿದೆಯೆಂದು ಈಗ ನೋಡಬಹುದು. ಸ್ವಂತ ವಿಮಾನವಿಟ್ಟುಕೊಂಡ ಮೊದಲ ಪಂಗಡದ ಚಾಲಕರಿಗೆ ಅಮೆರಿಕದ ನಿಯಮಾವಳಿಯಲ್ಲಿ ಗಂಟೆಗಳ ಮಿತಿಯೇ ಇಲ್ಲ. ಅಜಾಗರೂಕತೆಯಿಂದ ಹಾರಬಾರದೆಂಬ ಸಾಮಾನ್ಯ ನಿಷೇಧವುಂಟು. ಉಳಿದುದು ಯಜಮಾನನ ವಿವೇಕ. ಬಾಡಿಗೆ ವಿಮಾನಗಳಿಗೆ ನಿಯಮಾವಳಿಯ 135ನೆಯ ಭಾಗ ಅನ್ವಯಿಸುತ್ತದೆ. ಇಬ್ಬರು ಚಾಲಕರಿದ್ದರೆ 24 ಗಂಟೆಗಳಲ್ಲಿ 10 ಗಂಟೆ ಹಾರಬಹುದು, ಒಬ್ಬನೇ ಇದ್ದರೆ 8 ಗಂಟೆ. ಕೆಲಸ ಮುಗಿಯಬೇಕಾದ ಹೊತ್ತಿನಿಂದ ಹಿಂದಕ್ಕೆ 24 ಗಂಟೆ ಎಣಿಸಿದರೆ ಅದರಲ್ಲಿ 10 ಗಂಟೆ ಎಡೆಬಿಡದ ವಿಶ್ರಾಂತಿ ಸಿಕ್ಕಿರಬೇಕು. 24ರಲ್ಲಿ 10 ಕಳೆದರೆ ಉಳಿಯುವುದು 14. ಅದೇ ಕರ್ತವ್ಯದ ದಿನ. ವರ್ಷಕ್ಕೆ 1,400 ಗಂಟೆ ಹಾರಾಟ, ಪ್ರತಿ ಮೂರು ತಿಂಗಳಲ್ಲಿ ಕನಿಷ್ಠ 13 ಪೂರ್ಣ ದಿನಗಳ ಬಿಡುವು. ಪಾಲುಗಾರಿಕೆಯ ವಿಮಾನಗಳಿಗೆ 2003ರಲ್ಲಿ ಬಂದ ನಿಯಮಗಳೂ ಬಹುಮಟ್ಟಿಗೆ ಇದೇ ಅಚ್ಚಿನವು.

ಕಾಗದದ ಮೇಲೆ ಇದು ಉದಾರವಾಗಿಯೇ ಕಾಣುತ್ತದೆ. ಆದರೆ ಹತ್ತು ಗಂಟೆಯ ವಿಶ್ರಾಂತಿಯೆಂದರೆ ಹತ್ತು ಗಂಟೆಯ ನಿದ್ದೆಯಲ್ಲ. ಹೋಟೆಲಿಗೆ ಹೋಗುವುದು, ಊಟ, ಸ್ನಾನ, ಮನೆಗೊಂದು ಮಾತು, ಮತ್ತೆ ವಿಮಾನ ನಿಲ್ದಾಣ—ಇವನ್ನೆಲ್ಲ ಕಳೆದರೆ ಕಣ್ಣು ಮುಚ್ಚಲು ಆರು ಗಂಟೆ ಸಿಕ್ಕರೆ ಪುಣ್ಯ. ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಬೆಳಗ್ಗೆ ಆರಕ್ಕೆ ಶುರುವಾಗುವ ಹದಿನಾಲ್ಕು ಗಂಟೆಗೂ ರಾತ್ರಿ ಎಂಟಕ್ಕೆ ಶುರುವಾಗುವ ಹದಿನಾಲ್ಕು ಗಂಟೆಗೂ ಈ ನಿಯಮ ಭೇದವೆಣಿಸುವುದಿಲ್ಲ. ಗಡಿಯಾರಕ್ಕೆ ಎರಡೂ ಒಂದೇ. ದೇಹಕ್ಕೆ ಒಂದೇ ಅಲ್ಲ. ನಡುರಾತ್ರಿ ಕಳೆದು ಬೆಳಕು ಹರಿಯುವವರೆಗಿನ ಹೊತ್ತಿನಲ್ಲಿ ಮೈಯ ಎಚ್ಚರ ತಳಮಟ್ಟಕ್ಕೆ ಇಳಿಯುತ್ತದೆ. 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಡಾಸನ್ ಮತ್ತು ರೀಡ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು: 17 ಗಂಟೆ ಎಚ್ಚರವಿದ್ದವನ ಕೈಚಳಕ, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯವಿರುವವನ ಮಟ್ಟಕ್ಕೆ ಇಳಿದಿತ್ತು. ಕುಡಿದವನಿಗೆ ತಾನು ಕುಡಿದಿದ್ದೇನೆಂಬುದಾದರೂ ತಿಳಿದಿರುತ್ತದೆ.

1993ರ ಆಗಸ್ಟ್ 18ರಂದು ಕ್ಯೂಬಾದ ಗ್ವಾಂಟನಾಮೊ ನೆಲೆಯಲ್ಲಿ ಇಳಿಯಲು ಹೋದ ಒಂದು ಸರಕು ವಿಮಾನ ಓಡುದಾರಿಯ ಹತ್ತಿರವೇ ನೆಲಕ್ಕೆ ಬಿದ್ದಿತು. ಮೂವರು ಸಿಬ್ಬಂದಿಯೂ ತೀವ್ರ ಗಾಯಗಳೊಡನೆ ಬದುಕಿಕೊಂಡರು. ಕ್ಯಾಪ್ಟನ್ ಇಪ್ಪತ್ತಮೂರೂವರೆ ಗಂಟೆ ಎಚ್ಚರವಾಗಿದ್ದ. ಆ ಕೊನೆಯ ಗಳಿಗೆಯಲ್ಲಿ ತನಗೆ ಭಯವಾಗಲಿ ಆತುರವಾಗಲಿ ಆಗಲಿಲ್ಲ, ಒಂದು ಬಗೆಯ ಜಡತೆ, ಏನಾದರೂ ಆಗಲಿ ಎಂಬ ಔದಾಸೀನ್ಯ ಕವಿದಿತ್ತು ಎಂಬರ್ಥದ ಮಾತನ್ನು ಆತ ತನಿಖೆಯಲ್ಲಿ ಹೇಳಿದ. ಅಮೆರಿಕದ ಸಾರಿಗೆ ಸುರಕ್ಷಾ ಮಂಡಳಿ ಒಂದು ದೊಡ್ಡ ಅಪಘಾತದ ಸಂಭಾವ್ಯ ಕಾರಣದಲ್ಲಿ ಬಳಲಿಕೆಯನ್ನು ಹೆಸರಿಸಿದ್ದು ಅದೇ ಮೊದಲು. ಬಾಡಿಗೆ ಜೆಟ್ಟುಗಳೂ ಹೊರತಾಗಲಿಲ್ಲ. 2008ರ ಜುಲೈ 31ರಂದು ಮಿನೆಸೋಟದ ಓವಟಾನಾದಲ್ಲಿ ಅಂಥದೊಂದು ಜೆಟ್ ಬಿದ್ದು ಎಂಟೂ ಜನ ಸತ್ತರು. ಇಳಿದು ಓಡುದಾರಿಯ ಬಹುಭಾಗ ಕಳೆದ ಮೇಲೆ ಮತ್ತೆ ಮೇಲೇರಲು ಕ್ಯಾಪ್ಟನ್ ನಿರ್ಧರಿಸಿದ್ದು ಮುಖ್ಯ ಕಾರಣವೆಂದು ಮಂಡಳಿ ಹೇಳಿತು. ಪೂರಕ ಕಾರಣಗಳಲ್ಲಿ ಇಬ್ಬರು ಚಾಲಕರ ಬಳಲಿಕೆಯೂ ಇತ್ತು.

ಇಂಥ ವರದಿಯ ಭಾಷೆ ಕನ್ನಡ ನಾಡಿಗೂ ಅಪರಿಚಿತವಲ್ಲವೆಂಬುದು ದುಃಖದ ಸಂಗತಿ. ಖಾಸಗಿ ಜೆಟ್ಟಿನದಲ್ಲ, ಸಾಮಾನ್ಯ ಪ್ರಯಾಣಿಕ ವಿಮಾನದ ಮಾತು: 2010ರ ಮೇ 22ರ ಮುಂಜಾನೆ ದುಬೈಯಿಂದ ಬಂದು ಮಂಗಳೂರಿನ ಬೆಟ್ಟದ ನೆತ್ತಿಯ ಓಡುದಾರಿಯನ್ನು ದಾಟಿ ಕಣಿವೆಗುರುಳಿದ ವಿಮಾನದಲ್ಲಿ 158 ಜನ ಮಡಿದರು. ಕಾಕ್‌ಪಿಟ್ಟಿನ ಧ್ವನಿಮುದ್ರಣದಲ್ಲಿ ತನಿಖೆಯವರು ಕ್ಯಾಪ್ಟನ್‌ನ ಗೊರಕೆಯ ಸದ್ದನ್ನು ಕೇಳಿದರು. ಒಂದೂವರೆ ಗಂಟೆಗೂ ಮಿಕ್ಕ ನಿದ್ದೆಯಿಂದ ಎದ್ದವನ ಬುದ್ಧಿ ಇನ್ನೂ ಪೂರ್ತಿ ಎಚ್ಚತ್ತಿರಲಿಲ್ಲವೆಂದೂ, ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹಚಾಲಕ ಹೇಳಿದ್ದನ್ನು ಆತ ಕಿವಿಗೆ ಹಾಕಿಕೊಳ್ಳಲಿಲ್ಲವೆಂದೂ ವರದಿ ಹೇಳುತ್ತದೆ.

ಅಮೆರಿಕದಲ್ಲಿ ನಿಯಮಗಳನ್ನು ಬದಲಿಸಿದ್ದು 2009ರ ಫೆಬ್ರವರಿಯಲ್ಲಿ ಬಫಲೋ ನಗರದ ಬಳಿ 50 ಜನರನ್ನು ಬಲಿ ತೆಗೆದುಕೊಂಡ ಕೋಲ್ಗನ್ ಕಂಪನಿಯ ವಿಮಾನದ ಅಪಘಾತ. ಮೃತರ ಬಂಧುಗಳು ಪಟ್ಟು ಹಿಡಿದು ಕೂತರು. 2010ರಲ್ಲಿ ಕಾನೂನು ಬಂತು. 2014ರ ಜನವರಿ 4ರಿಂದ ಪ್ರಯಾಣಿಕ ವಿಮಾನ ಕಂಪನಿಗಳಿಗೆ ಹೊಸ ವಿಶ್ರಾಂತಿ ನಿಯಮ ಜಾರಿಯಾಯಿತು. ಅದರಲ್ಲಿ ರಾತ್ರಿಗೂ ಹಗಲಿಗೂ ಬೇರೆ ಲೆಕ್ಕ. ಹತ್ತು ಗಂಟೆಯ ವಿಶ್ರಾಂತಿಯಲ್ಲಿ ಎಂಟು ಗಂಟೆ ನಿದ್ದೆಗೆ ಅವಕಾಶವಿರಲೇಬೇಕು. ಸರಕು ವಿಮಾನಗಳನ್ನು ಇದರಿಂದ ಹೊರಗಿಟ್ಟರು. ಬಾಡಿಗೆಯ, ಪಾಲುಗಾರಿಕೆಯ ಜೆಟ್ಟುಗಳು ತಮ್ಮ ಹಳೆಯ ನಿಯಮದಲ್ಲೇ ಉಳಿದವು. ಟಿಕೆಟ್ ಕೊಂಡು ಹಿಂದಿನ ಸಾಲಿನಲ್ಲಿ ಕುಳಿತವನ ಚಾಲಕನಿಗೆ ಸಿಕ್ಕ ರಾತ್ರಿಯ ರಿಯಾಯಿತಿ, ಕೋಟ್ಯಧಿಪತಿಯ ಚಾಲಕನಿಗೆ ಸಿಕ್ಕಲಿಲ್ಲ.

2020ರ ಏಪ್ರಿಲ್‌ನಲ್ಲಿ ಕೊರೋನಾ ಆಕಾಶವನ್ನು ಬರಿದು ಮಾಡಿತು. ದೊಡ್ಡ ಕಂಪನಿಗಳು ಸಾವಿರಾರು ಹಿರಿಯ ಚಾಲಕರನ್ನು ಮುಂಚಿತ ನಿವೃತ್ತಿಗೆ ಒಲಿಸಿದವು. ಮರುವರ್ಷ ಗಾಳಿ ತಿರುಗಿತು. ಜನಜಂಗುಳಿಗೆ ಹೆದರಿದ ಹಣವಂತರು ಖಾಸಗಿ ಜೆಟ್ಟುಗಳಿಗೆ ಮುಗಿಬಿದ್ದರು. ದೊಡ್ಡ ಕಂಪನಿಗಳು ಖಾಲಿಯಾದ ಕುರ್ಚಿಗಳಿಗೆ ಖಾಸಗಿ ಚಾಲಕರನ್ನೇ ಸೆಳೆಯತೊಡಗಿದವು. ಬೇಡಿಕೆ ಕೈಮೀರಿತೆಂದು ನೆಟ್‌ಜೆಟ್ಸ್ 2021ರ ಆಗಸ್ಟಿನಲ್ಲಿ ಗಂಟೆಗಳ ಲೆಕ್ಕದಲ್ಲಿ ಮಾರುತ್ತಿದ್ದ ತನ್ನ ಕಾರ್ಡುಗಳ ಮಾರಾಟವನ್ನೇ ನಿಲ್ಲಿಸಿತು. ವ್ಯಾಪಾರಿ ತಾನಾಗಿ ಅಂಗಡಿಯ ಬಾಗಿಲು ಹಾಕಿಕೊಳ್ಳುವುದು ಅಪರೂಪ. ಇಲ್ಲಿ ಅದು ವಿವೇಕದ ಕೆಲಸವೇ ಆಗಿತ್ತು.

ಆ ವಿವೇಕ ಇಲ್ಲದಿದ್ದಾಗ ಏನಾಗುತ್ತದೆಂದು 2025ರ ಡಿಸೆಂಬರಿನಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಸಾಮಾನುಗಳ ನಡುವೆ ಕುಳಿತವರು ಬಲ್ಲರು. ನಮ್ಮ ದೇಶದ ಪ್ರಯಾಣಿಕ ಕಂಪನಿಗಳಿಗೆ ಚಾಲಕರ ವಾರದ ಬಿಡುವನ್ನು 36ರಿಂದ 48 ಗಂಟೆಗೆ ಏರಿಸುವ, ರಾತ್ರಿಯ ಇಳಿತಗಳನ್ನು ಆರರಿಂದ ಎರಡಕ್ಕೆ ಇಳಿಸುವ ನಿಯಮ 2024ರ ಜನವರಿಯಲ್ಲೇ ಪ್ರಕಟವಾಗಿತ್ತು. ಪೂರ್ತಿ ಜಾರಿಗೆ ಬಂದದ್ದು 2025ರ ನವೆಂಬರಿನಲ್ಲಿ. ಇಂಡಿಗೋ ಕಂಪನಿಗೆ ಜನ ಸಾಲಲಿಲ್ಲ. ಸಾವಿರಾರು ಹಾರಾಟಗಳು ರದ್ದಾದವು. ಸರಕಾರ ಆ ಕಂಪನಿಗೆ ರಾತ್ರಿಯ ಮಿತಿಗಳಲ್ಲಿ 2026ರ ಫೆಬ್ರವರಿ 10ರವರೆಗೆ ವಿನಾಯಿತಿ ಕೊಡಬೇಕಾಯಿತು. ಜನರ ಲೆಕ್ಕ ತಪ್ಪಿದಾಗ ಮೊದಲು ಸಡಿಲವಾಗುವುದು ವಿಶ್ರಾಂತಿಯ ಲೆಕ್ಕ.

ಇಷ್ಟಾದರೂ ಪ್ರಯಾಣಿಕ ಕಂಪನಿಯ ಚಾಲಕನಿಗೆ ವೇಳಾಪಟ್ಟಿ ಎಂಬುದೊಂದಿದೆ. ಖಾಸಗಿ ಜೆಟ್ಟಿನವನಿಗೆ ಅದಿಲ್ಲ. ಅವನಿಗಿರುವುದು ಒಂದು ಫೋನು. ಅಮೆರಿಕದ ಬಾಡಿಗೆ ಕಂಪನಿಗಳಲ್ಲಿ ದೀರ್ಘಕಾಲ ನಡೆದುಬಂದ ಒಂದು ಪದ್ಧತಿಯನ್ನು ಕೇಳಿ. ಹಾರಾಟವಿಲ್ಲದ ದಿನ ಚಾಲಕ ಮನೆಯಲ್ಲಿದ್ದಾನೆ. ಬೆಳಗ್ಗೆ ಆರಕ್ಕೆ ಎದ್ದು, ಮಕ್ಕಳನ್ನು ಶಾಲೆಗೆ ಬಿಟ್ಟು, ಹುಲ್ಲು ಕತ್ತರಿಸಿ, ರಾತ್ರಿ ಹತ್ತಕ್ಕೆ ಮಲಗಲು ಹೊರಟಾಗ ಫೋನು ಬರುತ್ತದೆ: ಗಿರಾಕಿಯೊಬ್ಬರು ಕಾಯುತ್ತಿದ್ದಾರೆ, ಹೊರಡಿ. ಆತ ಇಡೀ ದಿನ ಮನೆಯಲ್ಲೇ ಇದ್ದನಲ್ಲ, ಹತ್ತು ಗಂಟೆಗಿಂತ ಹೆಚ್ಚು ವಿಶ್ರಾಂತಿ ಆಯಿತಲ್ಲ ಎಂದು ಕಂಪನಿಯ ವಾದ. ಹಾಗಾದರೆ ಹದಿನಾರು ಗಂಟೆ ಎಚ್ಚರವಿದ್ದವನು ಇನ್ನೂ ಹದಿನಾಲ್ಕು ಗಂಟೆ ಕೆಲಸ ಮಾಡಬಹುದೆಂದಾಯಿತು. ಕರೆ ಬರುವವರೆಗೆ ಎಲ್ಲವೂ ವಿಶ್ರಾಂತಿ, ಕರೆ ಬಂದೊಡನೆ ಕೆಲಸ!

ಅಮೆರಿಕದ ವಿಮಾನಯಾನ ಇಲಾಖೆಯ ಕಾನೂನು ತಜ್ಞರು ಈ ವಾದವನ್ನು ಒಪ್ಪಿಲ್ಲ. ಅವರು ಕೊಟ್ಟ ವ್ಯಾಖ್ಯಾನ ಓದುವಂತಿದೆ. ವಿಶ್ರಾಂತಿ ಎನಿಸಬೇಕಾದರೆ ಅದು ಎಡೆಬಿಡದೆ ಇರಬೇಕು. ಅದರ ಆದಿ ಅಂತ್ಯಗಳು ಚಾಲಕನಿಗೆ ಮುಂಚಿತವಾಗಿ ತಿಳಿದಿರಬೇಕು. ಆ ಹೊತ್ತಿನಲ್ಲಿ ಅವನಿಗೆ ಕೆಲಸವಿರಬಾರದು, ಕೆಲಸ ಬಂದರೆ ಮಾಡಬೇಕೆಂಬ ಬಾಧ್ಯತೆಯೂ ಇರಬಾರದು. ಕಳೆದ ಹೊತ್ತನ್ನು ಹಿಂದಿರುಗಿ ನೋಡಿ ಇದು ವಿಶ್ರಾಂತಿಯಾಗಿತ್ತೆಂದು ಹೆಸರಿಡುವಂತಿಲ್ಲ. ಫೋನು ಎತ್ತಲೇಬೇಕೆಂದು ಕಟ್ಟಿಹಾಕಿದವನದು ವಿಶ್ರಾಂತಿಯಲ್ಲ, ಕೋಳಿನಿದ್ದೆ. ಕಂಪನಿ ಫೋನು ಮಾಡಬಾರದೆಂದಲ್ಲ. ಎತ್ತುವುದೂ ಬಿಡುವುದೂ ಅವನ ಇಷ್ಟವಾಗಿದ್ದು, ಅವನು ತಾನಾಗಿ ಎತ್ತಿ ಒಂದು ಮಾತು ಆಡಿದರೆ ವಿಶ್ರಾಂತಿ ಮುರಿಯುವುದಿಲ್ಲ.

ತಾನಾಗಿ! ಆ ಮಾತಿನಲ್ಲಿಯೇ ಎಲ್ಲವೂ ಅಡಗಿದೆ. ಪಟ್ಟಿಯ ಮೇಲ್ತುದಿಯ ಹಿರಿಯ ಚಾಲಕ ಫೋನನ್ನು ಬಡಿದುಕೊಳ್ಳಲು ಬಿಟ್ಟು ಮಗ್ಗುಲು ಬದಲಿಸಬಲ್ಲ. ವರ್ಷಗಟ್ಟಲೆ ಫರ್ಲೋ ಅನುಭವಿಸಿ, ಮನೆಯ ಸಾಲ ತೀರದೆ, ಮೊನ್ನೆ ತಾನೆ ಮರಳಿ ಕರೆಸಿಕೊಂಡವನು, ಇನ್ನೊಮ್ಮೆ ಪಟ್ಟಿ ಕತ್ತರಿಸಿದರೆ ಮೊದಲು ಹೋಗುವವನು ತಾನೇ ಎಂದು ಬಲ್ಲವನು ಏನು ಮಾಡುತ್ತಾನೆ? ಫೋನು ಎತ್ತದಿದ್ದುದಕ್ಕೆ ಅವನನ್ನು ಯಾರೂ ದಂಡಿಸಲಾರರು. ಕಾನೂನು ಅವನ ಕಡೆಗಿದೆ. ಆದರೂ ಎತ್ತುತ್ತಾನೆ. ಎತ್ತಿ, ನಿದ್ದೆ ಚೆನ್ನಾಗಿ ಆಗಿದೆ ಎನ್ನುತ್ತಾನೆ.

ಚಾಲಕರ ಸಂಘವಿರುವ ಕಂಪನಿಗಳಲ್ಲಿ ಇದಕ್ಕೆ ಕಂಡುಕೊಂಡ ದಾರಿ ಕಾವ್ಯಮಯವಾದುದೇನಲ್ಲ. ಸಂಬಳದ ಒಪ್ಪಂದದಲ್ಲಿಯೇ ಫೋನು ಎತ್ತಬೇಕಾದ ಹೊತ್ತು ಯಾವುದು, ಎತ್ತಬೇಕಿಲ್ಲದ ಹೊತ್ತು ಯಾವುದು ಎಂದು ಗಂಟೆ ನಿಮಿಷ ಹಾಕಿ ಬರೆಸಿಕೊಳ್ಳುತ್ತಾರೆ. ಫರ್ಲೋ ಮಾಡುವ ಮರಳಿ ಕರೆಯುವ ಕ್ರಮವೂ ಅದೇ ಒಪ್ಪಂದದ ಇನ್ನೊಂದು ಅಧ್ಯಾಯ. ಒಂದೆರಡು ವಿಮಾನಗಳನ್ನಿಟ್ಟುಕೊಂಡು ಬಾಡಿಗೆಗೆ ಓಡಿಸುವ ಸಣ್ಣ ಕಂಪನಿಯ ಚಾಲಕನಿಗೆ ಅಂಥ ಒಪ್ಪಂದವಿರುವುದು ಅಪರೂಪ. ರಾತ್ರಿ ಹತ್ತಕ್ಕೆ ಅವನಿಗೆ ಬರುವ ಕರೆ ಸಾಮಾನ್ಯವಾಗಿ ವಿಮಾನದ ಯಜಮಾನನದೇ ಆಗಿರುತ್ತದೆ.